ಲೋಕಮತವೂ ಆಪ್ತವಾಕ್ಯವೂ

2024ನೆಯ ಇಸವಿ ಡಿಸೆಂಬರ್ 6ರಂದು ರುಮೇನಿಯ ದೇಶದ ಸಂವಿಧಾನ ನ್ಯಾಯಾಲಯವು ಕೊಟ್ಟ ತೀರ್ಪು, ಮೇಲ್ನೋಟಕ್ಕೆ ಚುನಾವಣೆಯ ಕಾನೂನಿಗೆ ಮಾತ್ರ ಸಂಬಂಧಪಟ್ಟದ್ದೆಂದು ತೋರಿದರೂ, ತತ್ತ್ವಶಾಸ್ತ್ರದ ಬಹು ಪ್ರಾಚೀನವಾದ ಪ್ರಶ್ನೆಯೊಂದನ್ನು ತನ್ನ ಗರ್ಭದಲ್ಲಿ ಹೊತ್ತಿದ್ದಿತು. ಆ ದೇಶದ ಅಧ್ಯಕ್ಷಪದವಿಗೆ ನವೆಂಬರ್ 24ರಂದು ನಡೆದ ಮೊದಲ ಸುತ್ತಿನ ಮತದಾನದಲ್ಲಿ, ಅದುವರೆಗೆ ರಾಜಕೀಯ ವಲಯದಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕಲಿನ್ ಜೊರ್ಜೆಸ್ಕು ಎಂಬ ಅಭ್ಯರ್ಥಿ ಶೇಕಡ 22.94ರಷ್ಟು ಮತಗಳನ್ನು ಪಡೆದು ಎಲ್ಲರಿಗಿಂತ ಮುಂದೆ ನಿಂತರು. ಪ್ರಚಾರಕ್ಕಾಗಿ ತಾವು ಏನನ್ನೂ ವೆಚ್ಚಮಾಡಿಲ್ಲವೆಂದು ಅವರು ಲೆಕ್ಕ ಒಪ್ಪಿಸಿದ್ದರು. ಆದರೆ ಟಿಕ್‌ಟಾಕ್‌ನಲ್ಲಿ ಅವರ ಚಿತ್ರತುಣುಕುಗಳು ಲಕ್ಷಾಂತರ ಜನರ ಮೊಬೈಲುಗಳನ್ನು, ಯಾರೂ ಕರೆಯದೆಯೇ, ಹೊಕ್ಕಿದ್ದುವು. ಡಿಸೆಂಬರ್ 2ರಂದು ನ್ಯಾಯಾಲಯವು ಮೊದಲ ಸುತ್ತಿನ ಫಲಿತಾಂಶವನ್ನು ಊರ್ಜಿತಗೊಳಿಸಿತು. 4ರಂದು ಆಗಿನ ಅಧ್ಯಕ್ಷ ಯೋಹಾನಿಸ್ ಅವರು ಗುಪ್ತಚರ ಇಲಾಖೆಯ ಕಡತಗಳನ್ನು ಬಹಿರಂಗಪಡಿಸಿದರು. ಯಾರವೆಂದು ತಿಳಿಯದ ಸಾವಿರಾರು ಖಾತೆಗಳು ಚುನಾವಣೆಗೆ ಎರಡು ವಾರ ಮುಂಚೆ ಒಮ್ಮೆಗೇ ಎಚ್ಚತ್ತು ಆ ಅಭ್ಯರ್ಥಿಯ ಪರವಾಗಿ ದುಡಿದುವೆಂದು ಅವು ಹೇಳಿದುವು. 6ರಂದು, ಹೊರದೇಶಗಳಲ್ಲಿದ್ದ ರುಮೇನಿಯನ್ನರು ಎರಡನೆಯ ಸುತ್ತಿಗೆ ಆಗಲೇ ಮತ ಹಾಕುತ್ತಿದ್ದ ಹೊತ್ತಿನಲ್ಲಿ, ಅದೇ ನ್ಯಾಯಾಲಯವು ಚುನಾವಣೆಯನ್ನು ಸಮಗ್ರವಾಗಿ ರದ್ದುಮಾಡಿತು. ಹೊಸದಾಗಿ ಚುನಾವಣೆ ನಡೆದು 2025ರ ಮೇ 18ರಂದು ನಿಕುಶೊರ್ ದಾನ್ ಅವರು ಶೇಕಡ 53.6ರಷ್ಟು ಮತಗಳಿಂದ ಗೆದ್ದರು. ಮೊದಲಿನ ವಿಜೇತರಿಗೆ ಸ್ಪರ್ಧಿಸುವುದಕ್ಕೇ ಅನುಮತಿ ದೊರೆಯಲಿಲ್ಲ.

ಇಲ್ಲಿ ಮತಪೆಟ್ಟಿಗೆಯನ್ನು ಯಾರೂ ಅಪಹರಿಸಿರಲಿಲ್ಲ. ಮರುಎಣಿಕೆಯಲ್ಲಿಯೂ ಮೋಸವು ಕಂಡುಬಂದಿರಲಿಲ್ಲ. ಪ್ರತಿಯೊಬ್ಬ ಮತದಾರನೂ ಮರೆಯಲ್ಲಿ ಒಬ್ಬನೇ ನಿಂತು ತನ್ನ ಕೈಯಿಂದಲೇ ಮುದ್ರೆಯೊತ್ತಿದ್ದನು. ಹಾಗಿದ್ದೂ ಆ ನಿರ್ಣಯವು ಪ್ರಜೆಗಳ ನಿರ್ಣಯವಲ್ಲವೆಂದು ನ್ಯಾಯಪೀಠವು ಹೇಳಿತಾದರೆ, ಸಂಕಲ್ಪಸ್ವಾತಂತ್ರ್ಯವೆಂಬುದರ ಅರ್ಥವನ್ನೇ ನಾವು ಮತ್ತೊಮ್ಮೆ ವಿಚಾರಿಸಬೇಕಾಗುತ್ತದೆ. ಮನುಷ್ಯನ ಸಂಕಲ್ಪವು ಸ್ವತಂತ್ರವೆನಿಸುವುದಕ್ಕೆ ಅವನ ಕೈ ಬಂಧನದಲ್ಲಿಲ್ಲದಿದ್ದರೆ ಸಾಕೋ, ಅಥವಾ ಆ ಸಂಕಲ್ಪವು ಯಾವ ತಿಳಿವಳಿಕೆಯ ಮೇಲೆ ನಿಂತಿದೆಯೋ ಆ ತಿಳಿವಳಿಕೆಯೂ ನಿರ್ದುಷ್ಟವಾಗಿರಬೇಕೋ? ಎರಡನೆಯದೇ ಸರಿಯೆನ್ನುವುದಾದರೆ, 2016ರ ಜೂನ್ 23ರಂದು ಬ್ರಿಟನ್ನಿನ ಜನರು ಐರೋಪ್ಯ ಒಕ್ಕೂಟವನ್ನು ಬಿಡುವುದೆಂದು ಕೊಟ್ಟ ಮತವನ್ನು ಏನೆನ್ನಬೇಕು? ವಾರವೊಂದಕ್ಕೆ 35 ಕೋಟಿ ಪೌಂಡುಗಳು ಬ್ರಿಟನ್ನಿನಿಂದ ಒಕ್ಕೂಟಕ್ಕೆ ಹರಿದುಹೋಗುತ್ತಿವೆಯೆಂಬ ಲೆಕ್ಕವನ್ನು ಕೆಂಪು ಬಸ್ಸಿನ ಮೈಮೇಲೆ ಬರೆದುಕೊಂಡು ದೇಶವನ್ನೆಲ್ಲ ಸುತ್ತಿದರು. ಆ ಲೆಕ್ಕವು ದಾರಿತಪ್ಪಿಸುವಂಥದೆಂದು ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರವು ಮತದಾನಕ್ಕೆ ಮುಂಚೆಯೇ ಎಚ್ಚರಿಸಿತ್ತು. ಆದರೂ ಅಲ್ಲಿಯ ಯಾವ ನ್ಯಾಯಸ್ಥಾನವೂ ಆ ಮತವನ್ನು ಅಸಿಂಧುವೆನ್ನಲಿಲ್ಲ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಮತವೆಲ್ಲ ಮತವಲ್ಲವೆಂದು ವಿಧಿಸಿಬಿಟ್ಟರೆ ಜಗತ್ತಿನಲ್ಲಿ ಇದುವರೆಗೆ ನಡೆದ ಚುನಾವಣೆಗಳಲ್ಲಿ ನಿಲ್ಲುವುವು ಎಷ್ಟು? ಹಾಗೆಂದು ತಿಳಿವಳಿಕೆಯು ಹೇಗಿದ್ದರೂ ಚಿಂತೆಯಿಲ್ಲವೆಂದರೆ ಪ್ರಜಾಪ್ರಭುತ್ವದಲ್ಲಿ ವಿಚಾರವಿನಿಮಯಕ್ಕೆ ಏನು ಬೆಲೆ ಉಳಿಯಿತು? ಈ ಇಬ್ಬಂದಿಯು ರುಮೇನಿಯ ಒಂದರದೇ ಅಲ್ಲ, ಇಡೀ ಯೂರೋಪಿನದು. ಅದು ಯೂರೋಪಿಗೆ ಏಕೆ ಇಷ್ಟು ನೋವಿನದಾಗಿದೆಯೆಂಬುದನ್ನು ತಿಳಿಯಬೇಕಾದರೆ ಆ ಖಂಡವು ಮೂರುನಾಲ್ಕು ಶತಮಾನಗಳಿಂದ ಯಾವ ಶ್ರದ್ಧೆಯಲ್ಲಿ ಬಾಳಿತೆಂಬುದನ್ನು ನೋಡಬೇಕು.

1644ರಲ್ಲಿ ಇಂಗ್ಲೆಂಡಿನ ಕವಿ ಮಿಲ್ಟನ್ನನು, ಪುಸ್ತಕ ಮುದ್ರಣಕ್ಕೆ ಮೊದಲೇ ಸರ್ಕಾರದ ಪರವಾನಗಿಯನ್ನು ಪಡೆಯಬೇಕೆಂಬ ಶಾಸನವನ್ನು ಖಂಡಿಸುತ್ತ, ಸತ್ಯಕ್ಕೂ ಅಸತ್ಯಕ್ಕೂ ಬಯಲಿನಲ್ಲಿ ನ್ಯಾಯವಾದ ಕಾಳಗವು ನಡೆಯುವುದಾದರೆ ಸತ್ಯವು ಸೋಲಲಾರದೆಂಬ ತನ್ನ ದೃಢವಾದ ನಂಬಿಕೆಯನ್ನು ಪ್ರಕಟಿಸಿದನು. 1675ರ ಡಿಸೆಂಬರಿನ ಕಡೆಯಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ಲಂಡನ್ನಿನ ಕಾಫಿಗೃಹಗಳನ್ನು, ಅಲ್ಲಿ ಕುಳಿತವರು ರಾಜ್ಯದ ವಿಷಯವನ್ನು ಮನಬಂದಂತೆ ಆಡುತ್ತಾರೆಂಬ ಕಾರಣದಿಂದ, ಮುಚ್ಚಿಸಲು ಘೋಷಣೆ ಹೊರಡಿಸಿ, ಜನರ ಪ್ರತಿಭಟನೆಗೆ ಅಂಜಿ ಹತ್ತು ಹನ್ನೊಂದು ದಿನಗಳಲ್ಲಿಯೇ ಅದನ್ನು ಹಿಂತೆಗೆದುಕೊಂಡನು. 1784ರಲ್ಲಿ ಕಾಂಟ್ ಮಹಾಶಯನು, ಪರರ ಕೈಹಿಡಿದು ನಡೆಯುವ ಬಾಲ್ಯಾವಸ್ಥೆಯಿಂದ ಮನುಷ್ಯನು ಹೊರಬರುವುದೇ ಜ್ಞಾನೋದಯವೆಂದೂ, ಅದಕ್ಕೆ ಬೇಕಾದದ್ದು ಓದುವ ಲೋಕದ ಸಮಕ್ಷಮದಲ್ಲಿ ತನ್ನ ಬುದ್ಧಿಯನ್ನು ಬಹಿರಂಗವಾಗಿ ಉಪಯೋಗಿಸುವ ಸ್ವಾತಂತ್ರ್ಯವೊಂದೇ ಎಂದೂ ಬರೆದನು. ಇವೆಲ್ಲವನ್ನೂ ಒಂದು ಸೂತ್ರದಲ್ಲಿ ಪೋಣಿಸಿ, 1962ರಲ್ಲಿ ಯೂರ್ಗೆನ್ ಹಾಬರ್‌ಮಾಸರು, ಹದಿನೆಂಟನೆಯ ಶತಮಾನದ ಕಾಫಿಗೃಹ, ಸಾಹಿತ್ಯಗೋಷ್ಠಿ, ನಿಯತಕಾಲಿಕ ಪತ್ರಿಕೆ ಇವುಗಳಲ್ಲಿ ಖಾಸಗಿ ವ್ಯಕ್ತಿಗಳು ಒಟ್ಟುಗೂಡಿ ಪದವಿಯ ಬಲವನ್ನು ಹೊರಗಿಟ್ಟು ಯುಕ್ತಿಯ ಬಲದಿಂದ ವಾದಿಸತೊಡಗಿದಾಗ ಲೋಕಮತವೆಂಬ ಹೊಸ ಶಕ್ತಿಯು ಜನಿಸಿತೆಂದು ಪ್ರತಿಪಾದಿಸಿದರು. ಆ ಗೋಷ್ಠಿಗಳಲ್ಲಿ ಸ್ತ್ರೀಯರಿಗೂ ಬಡವರಿಗೂ ಇದ್ದ ಸ್ಥಳ ಅತ್ಯಲ್ಪವೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಆದರ್ಶವು ಅನುಷ್ಠಾನಕ್ಕಿಂತ ದೊಡ್ಡದಾಗಿರುವುದು ಅದರ ದೋಷವಲ್ಲ.

ಈ ಶ್ರದ್ಧೆಗೆ ಬಂದ ಪರೀಕ್ಷೆಗಳಲ್ಲೆಲ್ಲ ಡ್ರೇಫಸ್ ಪ್ರಕರಣವನ್ನು ನಾನು ಬಹು ದೊಡ್ಡದೆಂದು ಭಾವಿಸುತ್ತೇನೆ; ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. 1894ರಲ್ಲಿ ಫ್ರೆಂಚ್ ಸೈನ್ಯದ ಯಹೂದಿ ಅಧಿಕಾರಿ ಆಲ್‌ಫ್ರೆಡ್ ಡ್ರೇಫಸನನ್ನು, ಜರ್ಮನಿಗೆ ಗುಟ್ಟುಗಳನ್ನು ಮಾರಿದನೆಂದು ಸುಳ್ಳು ಅಪರಾಧ ಹೊರಿಸಿ, ಯಾವಜ್ಜೀವ ಶಿಕ್ಷೆಗೆ ಗುರಿಮಾಡಿ ದ್ವೀಪಾಂತರಕ್ಕೆ ಕಳುಹಿಸಿದರು. ನಿಜವಾದ ಅಪರಾಧಿ ಬೇರೊಬ್ಬನೆಂಬುದು 1896ರಲ್ಲಿ ಕರ್ನಲ್ ಪಿಕಾರ್ ಎಂಬ ಅಧಿಕಾರಿಗೆ ಗೊತ್ತಾದಾಗ, ಅವನ ಬಾಯಿ ಮುಚ್ಚಿಸಲು ಆಂರಿ ಎಂಬ ಇನ್ನೊಬ್ಬ ಅಧಿಕಾರಿಯು ಎರಡು ಕಾಗದಗಳನ್ನು ಕತ್ತರಿಸಿ ಜೋಡಿಸಿ ಡ್ರೇಫಸನ ಹೆಸರುಳ್ಳ ಖೋಟಾ ಪತ್ರವೊಂದನ್ನು ಸೃಷ್ಟಿಸಿದನು. 1898ರ ಜನವರಿ 13ರಂದು ಕಾದಂಬರಿಕಾರ ಎಮಿಲ್ ಜೋಲಾ ತನ್ನ ಹೆಸರನ್ನು ಹಾಕಿ, ತನ್ನ ಮೇಲೆ ಮೊಕದ್ದಮೆ ಹೂಡಬಹುದೆಂದು ತಾನೇ ಆಹ್ವಾನವಿತ್ತು, ದೊಡ್ಡ ದೊಡ್ಡ ಸೇನಾಧಿಕಾರಿಗಳ ಮೇಲೆ ಪತ್ರಿಕೆಯಲ್ಲಿ ಬಹಿರಂಗವಾಗಿ ದೋಷಾರೋಪಣೆ ಮಾಡಿದನು; ಶಿಕ್ಷೆಗೊಳಗಾಗಿ ಇಂಗ್ಲೆಂಡಿಗೆ ಓಡಿಹೋಗಬೇಕಾಯಿತು. ಅದೇ ವರ್ಷದ ಜುಲೈ 7ರಂದು ಯುದ್ಧಮಂತ್ರಿ ಕವೆನ್ಯಾಕನು ಆಂರಿಯ ಪತ್ರವನ್ನು, ಅದು ನಿಜವೆಂದೇ ನಂಬಿ, ಶಾಸನಸಭೆಯಲ್ಲಿ ಓದಿದನು. ಆ ಭಾಷಣವನ್ನು ಅಚ್ಚುಹಾಕಿಸಿ ಫ್ರಾನ್ಸಿನ ಊರೂರುಗಳ ಗೋಡೆಗಳಿಗೆ ಅಂಟಿಸಬೇಕೆಂದು ಸಭೆಯು ಆಜ್ಞಾಪಿಸಿತು. ಐದು ವಾರಗಳ ತರುವಾಯ ಮಂತ್ರಿಯ ಕಚೇರಿಯಲ್ಲಿಯೇ ಕೆಲಸಮಾಡುತ್ತಿದ್ದ ಕ್ಯಾಪ್ಟನ್ ಕ್ಯುಯಿನ್ಯೆ, ಒಂದು ರಾತ್ರಿ ದೀಪದ ಬೆಳಕಿನಲ್ಲಿ ಆ ಪತ್ರವನ್ನು ಪರಿಶೀಲಿಸುತ್ತಿದ್ದಾಗ, ಕಾಗದದ ಗೆರೆಗಳ ಬಣ್ಣವು ಮೇಲೊಂದು ಬಗೆಯಾಗಿಯೂ ನಡುವೆ ಇನ್ನೊಂದು ಬಗೆಯಾಗಿಯೂ ಇರುವುದನ್ನು ಕಂಡನು. ಕ್ಯುಯಿನ್ಯೆ ಡ್ರೇಫಸನ ಪಕ್ಷಪಾತಿಯಲ್ಲ. ತನ್ನ ಪಕ್ಷಕ್ಕೆ ಹಾನಿಯೆಂದು ತಿಳಿದೂ ಕಂಡದ್ದನ್ನು ಕಂಡಂತೆ ಹೇಳಿದನು. ಆಂರಿ ತಪ್ಪೊಪ್ಪಿಕೊಂಡು ಆಗಸ್ಟ್ 31ರಂದು ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಮಿಲ್ಟನ್ನನ ನಂಬಿಕೆಯ ಪ್ರಕಾರ ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಶಾರ್ಲ್ ಮೊರಾಸ್ ಎಂಬ ಲೇಖಕನು, ಆಂರಿ ಮಾಡಿದ ಖೋಟಾ ಕೃತ್ಯವು ದೇಶಭಕ್ತಿಯಿಂದ ಮಾಡಿದ್ದಾದ್ದರಿಂದ ಅದು ಗೌರವಾರ್ಹವೆಂದು ಪತ್ರಿಕೆಯಲ್ಲಿ ಬರೆದನು. ಆ ವರ್ಷದ ಕಡೆಯಲ್ಲಿ ಯಹೂದ್ಯದ್ವೇಷಿಯಾದ ಪತ್ರಿಕೆಯೊಂದು ಆಂರಿಯ ವಿಧವೆಗೆಂದು ಚಂದಾ ಎತ್ತಿದಾಗ, ಸುಮಾರು 25,000 ಮಂದಿ ಹಣ ಕಳುಹಿಸಿದರು. ಅವರಲ್ಲಿ ಸೇನಾಧಿಕಾರಿಗಳೂ ಪಾದ್ರಿಗಳೂ ಇದ್ದರು. ಪತ್ರ ಖೋಟಾ ಎಂಬುದನ್ನು ತಿಳಿಯದೆ ಕೊಟ್ಟವರಲ್ಲ, ತಿಳಿದೇ ಕೊಟ್ಟವರು. ಮರುವರ್ಷದ ಮರುವಿಚಾರಣೆಯಲ್ಲಿ ಡ್ರೇಫಸನನ್ನು ಪುನಃ ಅಪರಾಧಿಯೆಂದೇ ಸಾರಿದರು. ಅವನು ಸಂಪೂರ್ಣವಾಗಿ ನಿರ್ದೋಷಿಯೆಂಬ ತೀರ್ಪು ಬಂದದ್ದು 1906ರ ಜುಲೈ 12ರಂದು. ಸುಳ್ಳು ಬಯಲಾದರೆ ಸುಳ್ಳಿನ ಬಲ ಕುಂದುತ್ತದೆಂಬುದು ಎಲ್ಲ ಸಂದರ್ಭಗಳಲ್ಲಿಯೂ ನಿಜವಲ್ಲ. ಸುಳ್ಳನ್ನು ತಿಳಿವಳಿಕೆಯಾಗಿ ಸ್ವೀಕರಿಸಿದವನು ಅದು ಬಯಲಾದಾಗ ಬಿಟ್ಟುಬಿಡುತ್ತಾನೆ. ಅದನ್ನು ತನ್ನ ಕುಲದ ಲಾಂಛನವಾಗಿ ಧರಿಸಿದವನಿಗೆ ಬಯಲಾಗುವುದರಿಂದ ನಷ್ಟವಿಲ್ಲ. ಇಂದು ಯೂರೋಪಿನ ಪತ್ರಿಕಾಲಯಗಳಲ್ಲಿ ಸುದ್ದಿಯ ಸತ್ಯಾಸತ್ಯಗಳನ್ನು ಶೋಧಿಸುವ ಶ್ರದ್ಧಾವಂತರಾದ ತರುಣರು ಎದುರಿಸುತ್ತಿರುವ ಕಷ್ಟವು ಇದೇ. ಅವರ ಪರಿಶ್ರಮವು ಅವಶ್ಯಕವಾದದ್ದು, ಆದರೆ ವ್ಯಾಧಿಯ ಮೂಲವನ್ನು ಅದು ಮುಟ್ಟಲಾರದು.

ಹಾಗಾದರೆ ಮೂಲವೆಲ್ಲಿದೆ? ಯೂರೋಪಿನ ಜ್ಞಾನೋದಯವು ಪ್ರಮಾಣವಿಚಾರದಲ್ಲಿ ಒಂದು ಅಂಶವನ್ನು ಕಡೆಗಣಿಸಿತೆಂದು ನನಗೆ ತೋರುತ್ತದೆ. ಲಾಕನೂ ಹ್ಯೂಮನೂ ಪರರ ಮಾತಿಗೆ ಸ್ವತಂತ್ರವಾದ ಪ್ರಾಮಾಣ್ಯವನ್ನು ಒಪ್ಪಲಿಲ್ಲ. ಸ್ವಂತ ಅನುಭವದಿಂದಲೂ ಅನುಮಾನದಿಂದಲೂ ತೂಗಿ ನೋಡಿದ ಮೇಲೆಯೇ ಅದಕ್ಕೆ ಬೆಲೆಯೆಂದರು. 1660ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಯಲ್ ಸೊಸೈಟಿಯು ಯಾರ ಮಾತನ್ನೂ ಮಾತೆಂಬ ಕಾರಣಕ್ಕೆ ಒಪ್ಪೆವೆಂಬುದನ್ನೇ ತನ್ನ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿತು. ಆದರೆ ಆ ಸಂಸ್ಥೆಯ ಆಶ್ರಯದಲ್ಲಿ 1665ರಿಂದ ಪ್ರಕಟವಾಗತೊಡಗಿದ ಪತ್ರಿಕೆಯನ್ನು ತೆರೆದು ನೋಡಿದರೆ, ದೂರದೇಶಗಳ ವಿದ್ವಾಂಸರು ತಾವು ಕಂಡದ್ದನ್ನು ಬರೆದು ಕಳುಹಿಸಿದ ಓಲೆಗಳೇ ಅದರ ಬಹುಭಾಗವನ್ನು ತುಂಬಿವೆ. ಮನುಷ್ಯನ ಜ್ಞಾನವು ಬೆಳೆಯುವ ರೀತಿಯೇ ಹಾಗೆ. ಒಬ್ಬ ಸಾಮಾನ್ಯ ಪ್ರಜೆಯು ತನ್ನ ದೇಶದ ಆಯವ್ಯಯವನ್ನಾಗಲಿ, ಗಡಿಯ ಯುದ್ಧವನ್ನಾಗಲಿ, ವ್ಯಾಧಿಯ ಹರಡುವಿಕೆಯನ್ನಾಗಲಿ ತನ್ನ ಕಣ್ಣಿನಿಂದ ಕಂಡವನಲ್ಲ. ರಾಜ್ಯವಿಷಯದಲ್ಲಿ ಅವನು ಬಲ್ಲದ್ದೆಲ್ಲ ಕೇಳಿದ್ದು, ಓದಿದ್ದು. ಆದುದರಿಂದ ಪ್ರಜಾರಾಜ್ಯವು ನಿಂತಿರುವುದು ಪ್ರತ್ಯಕ್ಷದ ಮೇಲೂ ಅಲ್ಲ, ಅನುಮಾನದ ಮೇಲೂ ಅಲ್ಲ, ಶಬ್ದಪ್ರಮಾಣದ ಮೇಲೆ.

ಈ ಪ್ರಮಾಣವನ್ನು ನಮ್ಮ ನೈಯಾಯಿಕರು ಬಹು ಸೂಕ್ಷ್ಮವಾಗಿ ಪರಿಶೀಲಿಸಿದ್ದಾರೆ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಗೌತಮಸೂತ್ರ. ವಿಷಯವನ್ನು ಸಾಕ್ಷಾತ್ತಾಗಿ ಅರಿತವನೂ, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಆಪ್ತನೆಂದು ವಾತ್ಸ್ಯಾಯನನ ಭಾಷ್ಯ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆ ಭಾಷ್ಯಕಾರನು ಸೇರಿಸಿರುವುದು ಮಹತ್ತಾದ ಮಾತು. ಏಕೆಂದರೆ ಆಪ್ತತ್ವವು ಕುಲದಿಂದಲೂ ಪದವಿಯಿಂದಲೂ ಬರುವುದಲ್ಲ, ಅರಿವಿನಿಂದಲೂ ಪ್ರಾಮಾಣಿಕತೆಯಿಂದಲೂ ಬರತಕ್ಕದ್ದೆಂಬುದು ಅದರಿಂದ ಸಿದ್ಧವಾಗುತ್ತದೆ. ಜ್ಞಾನವು ಬಾಧಕವು ಕಾಣುವವರೆಗೆ ತಾನಾಗಿಯೇ ಪ್ರಮಾಣವೆಂದು ಮೀಮಾಂಸಕರು ಇನ್ನೂ ಒಂದು ಹೆಜ್ಜೆ ಮುಂದೆಹೋಗಿ ಹೇಳಿದರು. ಎಲ್ಲವನ್ನೂ ಶಂಕಿಸಿ, ಒಂದನ್ನು ಇನ್ನೊಂದರಿಂದ ಸಾಧಿಸಿಯೇ ನಂಬುತ್ತೇನೆಂದು ಹೊರಟವನಿಗೆ ಆ ಸಾಧನೆಗೆ ಎಂದೂ ಕೊನೆಯಿಲ್ಲ. ಮೊದಲು ವಿಶ್ವಾಸ, ಅನಂತರ ಬಾಧಕ ಕಂಡಾಗ ವಿಮರ್ಶೆ—ಲೋಕವ್ಯವಹಾರದ ಕ್ರಮ ಇದು. ಯೂರೋಪಿನ ಲೋಕಮತಕ್ಕೆ ಬಂದಿರುವ ಆಪತ್ತು ಈ ಕ್ರಮವನ್ನೇ ತಲೆಕೆಳಗು ಮಾಡುವಂಥದು.

2014ರ ಜುಲೈ 17ರಂದು ಆಂಸ್ಟರ್‌ಡ್ಯಾಮಿನಿಂದ ಕ್ವಾಲಾಲಂಪುರಕ್ಕೆ ಹೋಗುತ್ತಿದ್ದ ಮಲೇಷಿಯದ ಪ್ರಯಾಣಿಕ ವಿಮಾನವು ಪೂರ್ವ ಉಕ್ರೇನಿನ ಆಕಾಶದಲ್ಲಿ ಕ್ಷಿಪಣಿಯೇಟಿಗೆ ಸಿಕ್ಕಿ 298 ಜನ ಮೃತರಾದರು. ರಷ್ಯದ ಕಡೆಯಿಂದ ಒಂದರ ಹಿಂದೆ ಒಂದಾಗಿ ವಿವರಣೆಗಳು ಬಂದುವು: ಉಕ್ರೇನಿನ ಯುದ್ಧವಿಮಾನ ಹೊಡೆಯಿತು, ಅಲ್ಲ, ಉಕ್ರೇನಿನ ಕ್ಷಿಪಣಿ ಹೊಡೆಯಿತು, ರಷ್ಯದ ಅಧ್ಯಕ್ಷರ ವಿಮಾನವೆಂದು ಭ್ರಮಿಸಿ ಹೊಡೆದರು, ವಿಮಾನದಲ್ಲಿದ್ದವರು ಮೊದಲೇ ಸತ್ತ ಶವಗಳು. ಇವು ಒಂದಕ್ಕೊಂದು ಹೊಂದುವುದಿಲ್ಲ; ಒಂದು ನಿಜವಾದರೆ ಮಿಕ್ಕವು ಸುಳ್ಳಾಗಬೇಕು. ಆದರೂ ಅವುಗಳನ್ನು ಹರಡಿದವರಿಗೆ ಆ ವಿರೋಧವು ಬಾಧಕವೆನಿಸಲಿಲ್ಲ, ಏಕೆಂದರೆ ಅವುಗಳಲ್ಲಿ ಯಾವುದೊಂದನ್ನೂ ಸ್ಥಾಪಿಸುವುದು ಅವರ ಉದ್ದೇಶವಾಗಿರಲಿಲ್ಲ. ನ್ಯಾಯಶಾಸ್ತ್ರದಲ್ಲಿ ಕಥೆಗೆ, ಎಂದರೆ ಚರ್ಚೆಗೆ, ಮೂರು ಬಗೆಗಳನ್ನು ಹೇಳಿದೆ: ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲ್ಲಬೇಕೆಂಬ ಹಟದಿಂದ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಎದುರಾಳಿಯ ಪಕ್ಷವನ್ನು ಮುರಿಯುವುದಷ್ಟನ್ನೇ ಗುರಿಯಾಗಿಟ್ಟುಕೊಂಡದ್ದು ವಿತಂಡ. ಹಳೆಯ ಕಾಲದ ರಾಜಕೀಯ ಸುಳ್ಳು ಜಲ್ಪದ ಜಾತಿಗೆ ಸೇರಿದ್ದು. ಆಂರಿಯ ಖೋಟಾ ಪತ್ರವು ಒಂದು ಸಂಗತಿಯನ್ನು ನಂಬಿಸಬೇಕೆಂದಿತ್ತು. ಈಗಿನದು ವಿತಂಡ, ಏನನ್ನೂ ನಂಬಬಾರದೆಂಬುದನ್ನು ಮಾತ್ರ ಅದು ನಂಬಿಸಬೇಕೆನ್ನುತ್ತದೆ. ಸಂತೆಯಲ್ಲಿ ಒಬ್ಬ ವರ್ತಕನ ತೂಕದ ಕಲ್ಲು ಸುಳ್ಳಾದರೆ ಜನರು ಇನ್ನೊಬ್ಬನ ಅಂಗಡಿಗೆ ಹೋಗುತ್ತಾರೆ. ಸಂತೆಯ ಕಲ್ಲುಗಳೆಲ್ಲ ಸುಳ್ಳೆಂಬ ಗುಲ್ಲೆದ್ದರೆ ನ್ಯಾಯವಂತನಾದ ವರ್ತಕನೂ ವ್ಯಾಪಾರ ಮಾಡಲಾರನು. ಹಾನ್ನಾ ಆರೆಂಟ್ ಎಂಬ ವಿದುಷಿಯು 1967ರಲ್ಲಿಯೇ ಇದನ್ನು ಮುಂಗಂಡು ಬರೆದಿದ್ದರು: ಸತ್ಯದ ಸ್ಥಾನದಲ್ಲಿ ಎಡೆಬಿಡದೆ ಸುಳ್ಳನ್ನು ತಂದಿಡುತ್ತ ಹೋದರೆ ಜನರು ಸುಳ್ಳನ್ನು ಸತ್ಯವೆಂದು ಒಪ್ಪುವುದಿಲ್ಲ, ಸತ್ಯಾಸತ್ಯಗಳ ನಡುವೆ ದಿಕ್ಕು ತಿಳಿದು ನಡೆಯುವ ಶಕ್ತಿಯೇ ಅವರಲ್ಲಿ ನಾಶವಾಗುತ್ತದೆ. 2022ರ ನವೆಂಬರ್ 17ರಂದು ನೆದರ್ಲೆಂಡ್ಸಿನ ನ್ಯಾಯಾಲಯವು ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ವಿಮಾನವನ್ನು ಕೆಡವಿದ ಅಪರಾಧಕ್ಕಾಗಿ ಮೂವರಿಗೆ, ಅವರ ಗೈರುಹಾಜರಿಯಲ್ಲಿ, ಯಾವಜ್ಜೀವ ಶಿಕ್ಷೆ ವಿಧಿಸಿತು. ಎಂಟು ವರ್ಷಗಳ ಆ ತಾಳ್ಮೆಯ ವಾದಕ್ಕೆ ವಿತಂಡದ ಕಡೆಯಿಂದ ಒಂದು ದಿನದ ಉತ್ತರವೂ ಬೇಕಾಗಲಿಲ್ಲ.

ಕಣ್ಣಿಗೂ ಕಿವಿಗೂ ಈಗ ಇದೇ ಗತಿ ಒದಗಿದೆ. 2023ರ ಸೆಪ್ಟೆಂಬರ್ 30ರಂದು ಸ್ಲೊವಾಕಿಯ ದೇಶದಲ್ಲಿ ಶಾಸನಸಭೆಯ ಚುನಾವಣೆ. ಅದಕ್ಕೆ ಎರಡು ದಿನ ಮುಂಚೆ, ಪ್ರಚಾರವನ್ನು ನಿಷೇಧಿಸಿ ಪತ್ರಿಕೆಗಳೂ ಮೌನವಾಗಿರಬೇಕಾದ ಅವಧಿಯಲ್ಲಿ, ಮಿಖಾಲ್ ಶಿಮೆಚ್ಕ ಎಂಬ ಪಕ್ಷನಾಯಕರೂ ಮೋನಿಕಾ ಟೋಡೋವ ಎಂಬ ಪತ್ರಿಕೋದ್ಯೋಗಿಯೂ ಮತಗಳನ್ನು ಕೊಳ್ಳುವ ಉಪಾಯವನ್ನು ಕುರಿತು ಮಾತನಾಡಿದಂತೆ ಕೇಳುವ ಧ್ವನಿಮುದ್ರಿಕೆಯೊಂದು ಫೇಸ್‌ಬುಕ್ಕಿನಲ್ಲಿ ಹರಡಿತು. ಅವರಿಬ್ಬರೂ ಅದು ಸುಳ್ಳೆಂದರು; ಪರೀಕ್ಷಿಸಿದವರೂ ಯಂತ್ರದಿಂದ ರಚಿತವಾದ ಕೃತಕ ಧ್ವನಿಯ ಗುರುತುಗಳನ್ನು ಅದರಲ್ಲಿ ಕಂಡರು. ಶಿಮೆಚ್ಕರ ಪಕ್ಷವು ಎರಡನೆಯ ಸ್ಥಾನದಲ್ಲಿ ನಿಂತಿತು. ಅದಕ್ಕೆ ಈ ಮುದ್ರಿಕೆಯೇ ಕಾರಣವೆಂದು ಸಾಧಿಸುವುದು ಸಾಧ್ಯವಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ನನ್ನನ್ನು ಕಳವಳಗೊಳಿಸುವುದು ಬೇರೊಂದು: ಕೃತಕವಾದ ಧ್ವನಿಯು ನಿಜವೆನಿಸಬಹುದಾದ ಕಾಲದಲ್ಲಿ ನಿಜವಾದ ಧ್ವನಿಯೂ ಕೃತಕವೆನಿಸಬಹುದು, ಲಂಚ ಕೇಳಿದವನು ಸಿಕ್ಕಿಬಿದ್ದಾಗ, ಆ ಧ್ವನಿ ತನ್ನದಲ್ಲವೆಂದು ಹೇಳಿ ಪಾರಾಗಬಹುದು. ಇಂದ್ರಿಯಗಳ ಸಾಕ್ಷ್ಯವೂ ಹೀಗೆ ಶಂಕಾಸ್ಪದವಾದ ಮೇಲೆ, ಧ್ವನಿಯನ್ನು ಯಾರು ಮುದ್ರಿಸಿದರು, ಎಲ್ಲಿ, ಯಾವಾಗ, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದನ್ನು ಹೇಳಬಲ್ಲ ಮನುಷ್ಯನೊಬ್ಬನ ಮಾತಿಗೇ ನಾವು ಮರಳಬೇಕಾಗುತ್ತದೆ. ಆಪ್ತನಿಲ್ಲದೆ ಪ್ರತ್ಯಕ್ಷವೂ ಅನಾಥ.

ಇಂತಹ ಶತ್ರುವನ್ನು ಅವನ ಆಯುಧದಿಂದಲೇ ಗೆಲ್ಲಬಾರದೇಕೆಂದು ಕೇಳುವವರು ಯೂರೋಪಿನಲ್ಲಿ ಕಡಮೆಯಿಲ್ಲ. ಈ ಪ್ರಶ್ನೆಗೆ ಕ್ರೈಸ್ತಧರ್ಮದ ಆಚಾರ್ಯರಲ್ಲಿ ಅಗ್ರಗಣ್ಯನಾದ ಸಂತ ಅಗಸ್ಟೀನನು ಸುಮಾರು 420ರಲ್ಲಿಯೇ ಉತ್ತರ ಬರೆದಿದ್ದಾನೆ. ಸ್ಪೇನಿನಲ್ಲಿ ಪ್ರಿಸಿಲಿಯನ್ನನ ಅನುಯಾಯಿಗಳು ತಮ್ಮ ಮತವನ್ನು ಸುಳ್ಳು ಹೇಳಿ ಮರೆಸುತ್ತಿದ್ದರು. ಅವರನ್ನು ಬಯಲಿಗೆಳೆಯಲು ತಾವೂ ಆ ಪಂಥದವರೆಂದು ನಟಿಸಬಹುದೆಂದು ಕಾನ್ಸೆಂಟಿಯಸ್ ಎಂಬುವನು ಅಗಸ್ಟೀನನಿಗೆ ಬರೆದನು. ಸುಳ್ಳನ್ನು ಸುಳ್ಳಿನಿಂದ ಹಿಡಿಯುವುದು ಕೂಡದೆಂದು ಅಗಸ್ಟೀನನು ಖಂಡಿತವಾಗಿ ನಿಷೇಧಿಸಿದನು. ಅದಕ್ಕೆ ಎಷ್ಟೋ ವರ್ಷ ಮೊದಲು ಅನೃತವನ್ನು ಎಂಟು ಬಗೆಯಾಗಿ ವಿಂಗಡಿಸಿ ಬರೆದ ಗ್ರಂಥದಲ್ಲಿಯೂ, ಧರ್ಮೋಪದೇಶದಲ್ಲಿ ಆಡುವ ಸುಳ್ಳನ್ನೇ ಅವನು ಎಲ್ಲಕ್ಕಿಂತ ಘೋರವೆಂದು ಎಣಿಸಿದ್ದನು. ಏಕೆಂದರೆ ಉಪದೇಶದ ಒಂದೆಡೆಯಲ್ಲಿ ಸುಳ್ಳಿಗೆ ಎಡೆಗೊಟ್ಟರೆ ಮಿಕ್ಕೆಲ್ಲೆಡೆಯೂ ಶಂಕೆ ಹೊಕ್ಕುಬಿಡುತ್ತದೆ. ಪ್ರಾಣ ಉಳಿಸುವುದಕ್ಕೂ ಸುಳ್ಳಾಡಬಾರದೆಂಬ ಅವನ ಕಾಠಿಣ್ಯವನ್ನು ನಾನು ಒಪ್ಪಲಾರೆ. ಆದರೆ ಲೋಕಕ್ಕೆ ಸಾಕ್ಷಿ ಹೇಳುವ ಪೀಠದಲ್ಲಿ ಕುಳಿತವನ ವಿಷಯದಲ್ಲಿ ಅವನ ಮಾತು ಅಕ್ಷರಶಃ ಸತ್ಯವೆಂಬುದಕ್ಕೆ ಯೂರೋಪಿನ ಚರಿತ್ರೆಯೇ ಭಯಂಕರವಾದ ಪ್ರಮಾಣವನ್ನು ಒದಗಿಸಿದೆ. 1917ರ ಏಪ್ರಿಲಿನಲ್ಲಿ ಲಂಡನ್ನಿನ ಪ್ರತಿಷ್ಠಿತ ಪತ್ರಿಕೆಗಳು, ಜರ್ಮನರು ಸತ್ತ ಸೈನಿಕರ ಹೆಣಗಳನ್ನು ಕಾರ್ಖಾನೆಯಲ್ಲಿ ಬೇಯಿಸಿ ಕೊಬ್ಬು ತೆಗೆಯುತ್ತಾರೆಂದು ಬರೆದುವು. ಅದು ಸುಳ್ಳೆಂಬುದನ್ನು 1925ರಲ್ಲಿ ವಿದೇಶಾಂಗ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ, ನಾಜಿಗಳು ಯಹೂದಿಗಳನ್ನು ವಿಷಾನಿಲದಿಂದ ಕೊಲ್ಲುತ್ತಿದ್ದಾರೆಂಬ ನಿಜವಾದ ವರದಿಗಳು ಪೋಲೆಂಡಿನಿಂದ ಬಂದಾಗ, 1943ರಲ್ಲಿ ಬ್ರಿಟಿಷ್ ಸರ್ಕಾರದ ಉನ್ನತಾಧಿಕಾರಿಯೊಬ್ಬರು, ಇವು ಹಿಂದಿನ ಯುದ್ಧದ ಹೆಣದ ಕೊಬ್ಬಿನ ಕಥೆಯನ್ನು ನೆನಪಿಗೆ ತರುತ್ತವೆಯೆಂದು ಕಡತದಲ್ಲಿ ಬರೆದರು. ತಮ್ಮ ಪಕ್ಷದ ಒಳಿತಿಗೆಂದು ಆಡಿದ ಸುಳ್ಳೊಂದು ಇಪ್ಪತ್ತಾರು ವರ್ಷಗಳ ಮೇಲೆ, ಕೊಲೆಯಾಗುತ್ತಿದ್ದವರ ಕೂಗಿಗೆ ಅಡ್ಡವಾಗಿ ನಿಂತಿತು. ಇದನ್ನು ಓದಿದ ಮೇಲೂ, ಒಳ್ಳೆಯ ಉದ್ದೇಶಕ್ಕಾಗಿ ಸ್ವಲ್ಪ ಸುಳ್ಳು ಇರಲಿ ಎನ್ನುವವರ ಸಂಗಡ ವಾದಿಸಲು ನನಗೆ ಮನಸ್ಸಿಲ್ಲ.

ಇನ್ನು ರಾಜ್ಯಶಕ್ತಿಯ ಕೆಲಸವೇನು? 2022ರ ಮಾರ್ಚ್ 2ರಂದು, ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ಆರಂಭವಾದ ಏಳನೆಯ ದಿನ, ಐರೋಪ್ಯ ಒಕ್ಕೂಟವು ರಷ್ಯ ಸರ್ಕಾರದ ಆರ್‌ಟಿ, ಸ್ಪುಟ್ನಿಕ್ ಎಂಬ ಪ್ರಸಾರಸಂಸ್ಥೆಗಳನ್ನು ತನ್ನ ಪ್ರದೇಶದಲ್ಲಿ ನಿಷೇಧಿಸಿತು. ಒಕ್ಕೂಟದ ನ್ಯಾಯಾಲಯವು ಜುಲೈನಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಅಂಗೀಕೃತವಾದ ಡಿಜಿಟಲ್ ಸೇವೆಗಳ ಶಾಸನವು, ತಿಂಗಳಿಗೆ ನಾಲ್ಕೂವರೆ ಕೋಟಿಗೆ ಕಡಮೆಯಿಲ್ಲದ ಐರೋಪ್ಯ ಬಳಕೆದಾರರುಳ್ಳ ಜಾಲತಾಣಗಳಿಗೆ, ತಾವು ಯಾವ ಸೂತ್ರದಿಂದ ಯಾರಿಗೆ ಏನನ್ನು ತೋರಿಸುತ್ತೇವೆಂಬುದಕ್ಕೆ ಉತ್ತರ ಹೇಳುವ ಹೊಣೆಯನ್ನು ವಿಧಿಸಿ, ತಪ್ಪಿದರೆ ಅವುಗಳ ಜಾಗತಿಕ ವಹಿವಾಟಿನ ಶೇಕಡ 6ರವರೆಗೂ ದಂಡ ಹಾಕಬಹುದೆಂದಿತು. ಈ ಎರಡು ಉಪಾಯಗಳನ್ನೂ ಒಂದೇ ಎಂದು ಎಣಿಸಬಾರದು. ಮೊದಲನೆಯದು ಯುದ್ಧಕ್ಕೆ ನಿಂತ ಪರರಾಜ್ಯದ ಬಾಯಿಯನ್ನು ಕಟ್ಟುವುದು. ಯುದ್ಧಕಾಲದಲ್ಲಿ ಕ್ಷಮ್ಯವಿರಬಹುದು, ನಿತ್ಯಧರ್ಮವಾಗಲಾರದು. ಸತ್ಯವಾವುದೆಂದು ಮುದ್ರೆಯೊತ್ತುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ಆ ಮುದ್ರೆಯೇ ಮುಂದೆ ಎಲ್ಲರಿಗಿಂತ ಸಮರ್ಥನಾದ ಮಿಥ್ಯಾವಾದಿಯ ಕೈಸೇರುತ್ತದೆ. ಎರಡನೆಯದು ಮಾತಿನ ಸತ್ಯಾಸತ್ಯವನ್ನು ನಿರ್ಣಯಿಸುವುದಿಲ್ಲ. ಮಾತನ್ನು ಹರಡುವವನನ್ನು ಬೆಳಕಿಗೆ ತಂದು ನಿಲ್ಲಿಸುತ್ತದೆ. 2025ರ ಡಿಸೆಂಬರ್ 5ರಂದು ಆ ಶಾಸನದ ಕೆಳಗೆ ಎಕ್ಸ್ ಜಾಲತಾಣಕ್ಕೆ ಹನ್ನೆರಡು ಕೋಟಿ ಯೂರೋ ದಂಡ ವಿಧಿಸಿದಾಗ, ಹೇಳಿದ ಕಾರಣಗಳಲ್ಲಿ ಒಂದು ನನ್ನ ಮಟ್ಟಿಗೆ ಬಹು ಅರ್ಥವತ್ತಾಗಿದೆ: ಖಾತೆಯು ಹೆಸರು ಹೇಳಿಕೊಂಡವರದೇ ಎಂದು ಪರೀಕ್ಷಿಸಿ ಕೊಡುತ್ತಿದ್ದ ನೀಲಿ ಗುರುತನ್ನು, ಪರೀಕ್ಷೆಯಿಲ್ಲದೆ ಹಣ ಕೊಟ್ಟವರಿಗೆ ಮಾರಿದ್ದು ಬಳಕೆದಾರರಿಗೆ ಮಾಡಿದ ವಂಚನೆ.

ಹೆಸರಿಲ್ಲದ ಮಾತಿಗೆ ಯೂರೋಪಿನಲ್ಲಿ ಮಹತ್ತಾದ ಪರಂಪರೆಯುಂಟಲ್ಲವೆ, ಎಂದು ವಿದ್ವಾಂಸರು ಇಲ್ಲಿ ತಡೆದು ಕೇಳಬಹುದು. ಉಂಟು. 1670ರಲ್ಲಿ ಸ್ಪಿನೋಜನು ವಿಚಾರಸ್ವಾತಂತ್ರ್ಯವನ್ನು ಪ್ರತಿಪಾದಿಸಿದ ತನ್ನ ಗ್ರಂಥವನ್ನು ಹೆಸರಿಲ್ಲದೆ ಪ್ರಕಟಿಸಿದನು. ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಪುಸ್ತಕದ ಮೇಲೆ ಹ್ಯಾಂಬರ್ಗ್ ಎಂದು ಮುದ್ರಿಸಲಾಗಿತ್ತು. ಆದರೆ ಯುಕ್ತಿ ಬೇರೆ, ಸಾಕ್ಷ್ಯ ಬೇರೆ. ಸ್ಪಿನೋಜನು ಓದುಗನ ಮುಂದಿಟ್ಟದ್ದು ಯುಕ್ತಿಯನ್ನು. ಅದನ್ನು ಹೇಳಿದವನು ಯಾರಾದರೇನು, ಓದುಗನು ತನ್ನ ಬುದ್ಧಿಯಿಂದಲೇ ಅದನ್ನು ತೂಗಿ ಕೊಳ್ಳಬಹುದು, ಬಿಡಬಹುದು. ಇಂಥದು ನಡೆಯಿತು, ಇಷ್ಟು ಜನ ಸತ್ತರು, ಇಂಥವನು ಹೀಗೆಂದನು ಎಂಬುದು ಸಾಕ್ಷ್ಯ. ಅದನ್ನು ತೂಗುವುದಕ್ಕೆ ಹೇಳಿದವನ ಅರಿವನ್ನೂ ಪ್ರಾಮಾಣಿಕತೆಯನ್ನೂ ತೂಗುವುದಲ್ಲದೆ ಬೇರೆ ತಕ್ಕಡಿಯಿಲ್ಲ. ಹೇಳಿದವನೇ ಇಲ್ಲದ ಸಾಕ್ಷ್ಯವು ದುರ್ಬಲವಾದ ಸಾಕ್ಷ್ಯವೆಂದಲ್ಲ, ಸಾಕ್ಷ್ಯವೇ ಅಲ್ಲ. ಈ ದೃಷ್ಟಿಯಿಂದ ನೋಡಿದರೆ ರುಮೇನಿಯದ ತೀರ್ಪಿನಲ್ಲಿ ಕೊಳ್ಳತಕ್ಕದ್ದೂ ಬಿಡತಕ್ಕದ್ದೂ ಬೇರೆಬೇರೆಯಾಗುತ್ತವೆ. ಮತದಾರರು ಮೋಸಹೋದರೆಂಬ ಕಾರಣಕ್ಕೆ ಚುನಾವಣೆಯನ್ನು ರದ್ದುಮಾಡುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇರಕೂಡದು. ಅಂಥ ಅಧಿಕಾರವು ಪ್ರಜೆಗಳನ್ನು ಕಾಂಟನು ಹೇಳಿದ ಬಾಲ್ಯಾವಸ್ಥೆಗೆ ಮರಳಿ ದೂಡುತ್ತದೆ. ವೆಚ್ಚವನ್ನು ಮುಚ್ಚಿಟ್ಟು, ಒಡೆಯರಿಲ್ಲದ ಸಾವಿರಾರು ಖಾತೆಗಳನ್ನು ಪ್ರಜೆಗಳ ವೇಷದಲ್ಲಿ ಸಭೆಯೊಳಗೆ ನುಗ್ಗಿಸಿದ್ದು ಸಿದ್ಧವಾದರೆ, ಆ ಕಾರಣಕ್ಕೆ ರದ್ದುಮಾಡುವುದು ನ್ಯಾಯ. ಬುಖಾರೆಸ್ಟಿನ ನ್ಯಾಯಾಧೀಶರು ಈ ಎರಡನ್ನೂ ಬೆರೆಸಿ ಬರೆದರು. ಅಷ್ಟು ದೊಡ್ಡ ಆಜ್ಞೆಗೆ ತಕ್ಕಷ್ಟು ಸಾಕ್ಷ್ಯವನ್ನು ಜನರ ಎದುರಿಗೆ ಇಡಲಿಲ್ಲ. ನಾಲ್ಕೇ ದಿನಗಳಲ್ಲಿ ತಮ್ಮ ಮಾತನ್ನು ತಾವೇ ಬದಲಾಯಿಸಿದರು. ವಿತಂಡಕ್ಕೆ ಬೇಕಾದ ಆಹಾರವನ್ನು ವಿತಂಡದ ವಿರೋಧಿಗಳೇ ಒದಗಿಸಿದಂತಾಯಿತು.

ಮುದ್ರಣವು ಎಲ್ಲರನ್ನೂ ಓದುಗರನ್ನಾಗಿ ಮಾಡಬಲ್ಲದಾಗಿತ್ತು, ಆದರೆ ಎಲ್ಲರೂ ನಿಜವಾಗಿ ಓದಲು ಕಲಿಯುವುದಕ್ಕೆ ಶತಮಾನಗಳು ಹಿಡಿದುವು. ಈಗಿನ ಯಂತ್ರವು ಎಲ್ಲರನ್ನೂ ಲೇಖಕರನ್ನಾಗಿ ಮಾಡಿದೆ, ಅವರು ಲೇಖಕರಾಗಲು ಕಲಿಯುವುದಕ್ಕೆ ಎಷ್ಟು ಕಾಲ ಹಿಡಿಯುವುದೋ ಎಂಬ ಆತಂಕವನ್ನು ಹಾಬರ್‌ಮಾಸರು ತಮ್ಮ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2022ರಲ್ಲಿ, ತೋಡಿಕೊಂಡರು. ಲೇಖಕನಾಗುವುದೆಂದರೆ ತನ್ನ ಮಾತಿಗೆ ತಾನು ಹೊಣೆಯಾಗುವುದು. ಯೂರೋಪಿನಲ್ಲಿ ಆ ಹೊಣೆಯನ್ನು ಹೊತ್ತವರು ಇಂದಿಗೂ ಇದ್ದಾರೆ. ಅದರ ಬೆಲೆಯನ್ನು ತೆತ್ತವರೂ ಇದ್ದಾರೆ. ಯಂತ್ರವು ಪತ್ರಿಕೋದ್ಯೋಗಿಯ ಕಂಠವನ್ನು ಅಪಹರಿಸಿದ ಅದೇ ಸ್ಲೊವಾಕಿಯದಲ್ಲಿ, ಐದು ವರ್ಷ ಮೊದಲು, 2018ರ ಫೆಬ್ರವರಿ 21ರಂದು, ಯಾನ್ ಕುಟ್ಸಿಯಾಕ್ ಎಂಬ ಇಪ್ಪತ್ತೇಳು ವರ್ಷದ ವರದಿಗಾರನನ್ನೂ ಅವನು ಮದುವೆಯಾಗಲಿದ್ದ ಮಾರ್ಟಿನಾ ಕುಶ್ನೀರೋವಳನ್ನೂ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಇಟಲಿಯ ಪಾತಕಿಗಳ ಕೂಟಕ್ಕೂ ತನ್ನ ದೇಶದ ಆಡಳಿತಕ್ಕೂ ಇದ್ದ ನಂಟನ್ನು ಅವನು ಕಡತ ಕಡತವಾಗಿ ಶೋಧಿಸಿ ಬರೆಯುತ್ತಿದ್ದನು, ಬರೆಹವಿನ್ನೂ ಮುಗಿದಿರಲಿಲ್ಲ. ಜನರು ದೇಶದ ಬೀದಿಬೀದಿಗಳಲ್ಲಿ ನೆರೆದರು. ಮಾರ್ಚಿನಲ್ಲಿ ಪ್ರಧಾನಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅದಕ್ಕೆ ಮೊದಲೇ, ಕೊಲೆಯಾದ ವಾರದಲ್ಲಿ, ಅವನ ಸಹೋದ್ಯೋಗಿಗಳು ಆ ಅಪೂರ್ಣವಾದ ವರದಿಯನ್ನು ಅವನ ಹೆಸರಿನಲ್ಲಿಯೇ ಪ್ರಕಟಿಸಿದರು.